ರಶ್ ಇದ್ದಾಗ ಮಾತ್ರ ಉರಿಯುವ ಸಿಗ್ನಲ್: ಮೋಟರ್‌ವೇ ಎಕ್ಸಿಟ್‌ಗೆ ಹಾಕುವುದು ಹೇಗೆ?

ಬ್ರಿಟನ್ನಿನಲ್ಲಿ ಮೋಟರ್‌ವೇ (ನಮ್ಮ ಎಕ್ಸ್‌ಪ್ರೆಸ್‌ವೇ ಥರದ ಹೆದ್ದಾರಿ) ಇಳಿದವರು ಹೆಚ್ಚಾಗಿ ಒಂದು ರೌಂಡ್‌ಅಬೌಟ್‌ಗೆ ಬಂದು ಸೇರುತ್ತಾರೆ. ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು ಅನ್ನೋದು ಅಲ್ಲಿನ ನಿಯಮ. ಬೆಳಿಗ್ಗೆ ಬಲಗಡೆಯಿಂದ ಕಾರುಗಳು ಬಿಡದೆ ಬರುತ್ತಿದ್ದರೆ ಇಳಿದವರಿಗೆ ನುಗ್ಗಲು ಸಂದೇ ಸಿಗುವುದಿಲ್ಲ, ಕ್ಯೂ ಹಿಂದಕ್ಕೆ ಬೆಳೆದು ಮೋಟರ್‌ವೇವರೆಗೂ ಹೋಗುತ್ತದೆ. ಸಿಗ್ನಲ್ ಬೇಕು, ಆದರೆ ದಿನವಿಡೀ ಬೇಡ. ನಡುರಾತ್ರಿ ಖಾಲಿ ರಸ್ತೆಯಲ್ಲಿ ಯಾರಿಗಾಗಿ ಕಾಯುವುದು, ಅಲ್ವಾ?

ಮೊದಲು ಒಂದು ವಾರ ಗಾಡಿ ಎಣಿಸಿ. ರೌಂಡ್‌ಅಬೌಟ್ ದಾಟಿದ ಮೇಲಿನ ರಸ್ತೆಯೇ ಜಾಮ್ ಆಗಿದ್ದರೆ ಇಲ್ಲಿಗೇ ನಿಲ್ಲಿಸಿ, ಸಿಗ್ನಲ್ ಹಾಕಿ ಪ್ರಯೋಜನವಿಲ್ಲ.

ಆಮೇಲೆ ಕಂಬ, ಸ್ಟಾಪ್ ಲೈನ್, ‘ಪಾರ್ಟ್ ಟೈಮ್ ಸಿಗ್ನಲ್ಸ್’ ಬೋರ್ಡ್. ಬೋರ್ಡ್ ಮರೆತರೆ ಆರಿದ ದೀಪ ಕೆಟ್ಟಿದೆ ಅಂದುಕೊಂಡು ಜನ ಸುಮ್ನೆ ಬ್ರೇಕ್ ಹಾಕುತ್ತಾರೆ.

ಇನ್ನು ಎಲ್ಲರೂ ಎಡವುವ ಜಾಗ: ಸಿಗ್ನಲ್ ಯಾವಾಗ ಉರಿಯಬೇಕು, ಯಾವಾಗ ಆರಬೇಕು. ಸುಲಭ ಅಂತ ಟೈಮರ್ ಇಟ್ಟು ಕೈತೊಳೆದುಕೊಳ್ಳುವವರನ್ನು ಬಹಳ ನೋಡಿದ್ದೇನೆ. ರಜಾ ದಿನ ಬೆಳಿಗ್ಗೆ ಏಳಕ್ಕೆ ಯಾರೂ ಇಲ್ಲದ ರಸ್ತೆಯಲ್ಲಿ ಅದು ಕೆಂಪು ತೋರಿಸುತ್ತಿರುತ್ತದೆ, ಮಧ್ಯಾಹ್ನ ಎರಡಕ್ಕೆ ಎಲ್ಲೋ ಅಪಘಾತವಾಗಿ ಗಾಡಿಗಳೆಲ್ಲ ಇತ್ತ ತಿರುಗಿದಾಗ ಕತ್ತಲಲ್ಲಿರುತ್ತದೆ. ಟೈಮರ್ ಬೇಡವೇ ಬೇಡ. ರಸ್ತೆಯೊಳಗೆ ಲೂಪ್ (ಮೇಲೆ ಗಾಡಿ ಬಂದರೆ ಪತ್ತೆಹಚ್ಚುವ ತಂತಿ ಸುರುಳಿ) ಹೂತು ಕ್ಯೂ ನೋಡಿ ಆನ್ ಆಗುವ ಹಾಗೆ ಮಾಡಿ. ಲೂಪ್ ಎಲ್ಲಿ? ನಿಂತ ಕಾರೊಂದಕ್ಕೆ ಸುಮಾರು 6 ಮೀಟರ್ ಜಾಗ ಬೇಕು. ಒಂದು ಲೇನ್‌ನಲ್ಲಿ ಹೊರಹೋಗುವುದಕ್ಕಿಂತ ನಿಮಿಷಕ್ಕೆ 10 ಕಾರು ಜಾಸ್ತಿ ಬಂದರೆ ಕ್ಯೂ ನಿಮಿಷಕ್ಕೆ 60 ಮೀಟರ್ ಬೆಳೆಯುತ್ತದೆ. ಜೊತೆಗೆ ಗಂಟೆಗೆ 70 ಮೈಲಿಯಲ್ಲಿ ಬರುವ ಕಾರು ನಿಲ್ಲಲು 96 ಮೀಟರ್ ಬೇಕು ಅನ್ನುತ್ತದೆ ಅಲ್ಲಿನ ಸಂಚಾರ ನಿಯಮಗಳ ಪುಸ್ತಕ ಹೈವೇ ಕೋಡ್. ಹಾಗಾಗಿ ಲೂಪನ್ನು ಮೋಟರ್‌ವೇ ಅಂಚಿನಲ್ಲಿ ಹೂತರೆ ಅದು ಕೂಗಿಕೊಳ್ಳುವ ಹೊತ್ತಿಗೆ ಕಾಲ ಮಿಂಚಿರುತ್ತದೆ, ಸ್ಟಾಪ್ ಲೈನ್ ಕಡೆಗೆ ಸಾಕಷ್ಟು ಕೆಳಗೆ ತನ್ನಿ. ಕಾರು ಲೂಪ್ ಮೇಲೆ ಹಾದರೆ ಸಾಲದು, ಕೆಲವು ಸೆಕೆಂಡ್ ನಿಂತರೆ ಮಾತ್ರ ಕ್ಯೂ ಅಂತ ಲೆಕ್ಕ. ಆರಿಸಲು ಬೇರೆ ಲೂಪ್ ಇರಲಿ, ಸ್ಟಾಪ್ ಲೈನ್‌ಗೆ ಇನ್ನೂ ಹತ್ತಿರ. ಎರಡಕ್ಕೂ ಒಂದೇ ಲೂಪ್ ಇಟ್ಟರೆ ಸಿಗ್ನಲ್ ಉರಿಯುವುದು, ಆರುವುದು, ಮತ್ತೆ ಉರಿಯುವುದು, ಹಬ್ಬದ ಸೀರಿಯಲ್ ಸೆಟ್ ಥರ!

ಕತ್ತಲಿಂದ ನೇರವಾಗಿ ಯಾರಿಗೂ ಹಸಿರು ಕೊಡಬೇಡಿ. ಬಲಕ್ಕೆ ಕತ್ತು ತಿರುಗಿಸಿ ನುಗ್ಗುತ್ತಿರುವವನಿಗೆ ದೀಪ ಹತ್ತಿದ್ದೇ ಗೊತ್ತಿರುವುದಿಲ್ಲ. ಮೊದಲು ಹಳದಿ, ಆಮೇಲೆ ಎಲ್ಲ ಕಡೆಗೂ ಕೆಂಪು, ಒಳಗಿದ್ದವರು ಹೊರಬಿದ್ದ ಮೇಲೆ ಹಸಿರು.

ಹಸಿರು ಎಷ್ಟು ಹೊತ್ತು? ಮುಂದಿನ ಸ್ಟಾಪ್ ಲೈನ್‌ವರೆಗೆ ರೌಂಡ್‌ಅಬೌಟ್ ಒಳಗೆ 60 ಮೀಟರ್ ಜಾಗವಿದ್ದರೆ ಲೇನ್‌ಗೆ 10 ಕಾರು ಹಿಡಿಸುತ್ತದೆ. ಸುಮಾರು 2 ಸೆಕೆಂಡಿಗೆ ಒಂದು ಕಾರು ದಾಟುತ್ತದೆ, ಅಂದರೆ 20 ಸೆಕೆಂಡಿಗೆ ಜಾಗ ಭರ್ತಿ. ಮುಂದೆ ಕೆಂಪು ಇರುವಾಗ ಇಲ್ಲಿ 40 ಸೆಕೆಂಡ್ ಹಸಿರು ಕೊಡುವ ಧಾರಾಳಿಗಳಿದ್ದಾರೆ, ರೌಂಡ್‌ಅಬೌಟ್ ತುಂಬಿ ನಾಲ್ಕೂ ದಿಕ್ಕು ಬಂದ್.

ಜನ ನಡೆದು ದಾಟುವ ಜಾಗ ಅಲ್ಲೇ ಇದ್ದರೆ ಪಾರ್ಟ್ ಟೈಮ್ ಆಸೆ ಬಿಡಿ. ದೀಪ ಆರಿದಾಗ ಅವರು ದಾಟುವುದು ಹೇಗೆ? ಅಲ್ಲಿ ಪೂರ್ತಿ ಹೊತ್ತಿನ ಸಿಗ್ನಲ್ಲೇ ಸರಿ.

ಚಾಲೂ ಮಾಡಿದ ಮೇಲೆ ಒಂದೆರಡು ವಾರ ರಶ್ ಹೊತ್ತಿಗೆ ನೀವೇ ಹೋಗಿ ನೋಡಿ. ಸ್ಟಾಪ್ ಲೈನ್ ಹತ್ತಿರ ನಿಂತರೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಕ್ಯೂನ ಬಾಲ ಕಾಣುವ ಸೇತುವೆ ಮೇಲೆ ನಿಲ್ಲಿ.