ಮುಂದಿನ ನಿಧನವಾರ್ತೆ ಯಾರದು: ಡೆಸ್ಕಿನಲ್ಲಿ ಕೂತು ನಾನು ಪಟ್ಟಿ ಮಾಡಿದ ಬಗೆ

ದಿನಪತ್ರಿಕೆಯ ಸುದ್ದಿ ಡೆಸ್ಕಿನಲ್ಲಿ ಯಾರೂ ತಾವಾಗಿ ಕೇಳಿ ಪಡೆಯದ ಕೆಲಸವೊಂದಿದೆ. ಇನ್ನೂ ಬದುಕಿರುವವರ ನಿಧನವಾರ್ತೆಯನ್ನು ಬರೆದಿಡುವುದು. ನಮ್ಮಲ್ಲಿ ಅದಕ್ಕೆ ‘ರೆಡಿ ಕಾಪಿ’ ಅನ್ನುತ್ತಿದ್ದರು. ಹೊಸದಾಗಿ ಸೇರಿದ್ದ ನನ್ನ ತಲೆಗೆ ಅದನ್ನು ಕಟ್ಟಿದಾಗ ಮನೆಯಲ್ಲಿ ಅಮ್ಮ, ‘ಬದುಕಿರೋರ ಶ್ರಾದ್ಧ ಮಾಡೋ ಕೆಲಸ ಯಾಕಪ್ಪ ನಿಂಗೆ, ಬೇರೆ ಏನಾದ್ರೂ ಕೇಳ್ಕೊ’ ಅಂದಿದ್ದಳು. ಕೇಳಿಕೊಳ್ಳಲಿಲ್ಲ. ಹುದ್ದೆ ಬದಲಾಯಿತು, ಪಟ್ಟಿ ಮಾತ್ರ ನನ್ನ ಹತ್ತಿರವೇ ಉಳಿಯಿತು.

ಇದು ಯಾಕೆ ಬೇಕು ಅನ್ನುವವರಿಗೆ ಪತ್ರಿಕೆಯ ಗಡಿಯಾರ ಗೊತ್ತಿರಬೇಕು. ಬೀದರ್, ಕಲಬುರಗಿ ಕಡೆಗೆ ಹೋಗುವ ಡಾಕ್ ಎಡಿಷನ್, ಅಂದರೆ ದೂರದೂರುಗಳ ಆವೃತ್ತಿ, ರಾತ್ರಿ ಬೇಗ ಮುಗಿಯುತ್ತದೆ. ಸಂಜೆ ಏಳೂವರೆಗೆ ಒಬ್ಬ ಹಿರಿಯ ಸಾಹಿತಿ ತೀರಿಕೊಂಡರೆ, ಎಂಬತ್ತು ವರ್ಷದ ಬದುಕನ್ನು ಒಂದು ಗಂಟೆಯೊಳಗೆ ಪುಟಕ್ಕೆ ಇಳಿಸಬೇಕು. ಆ ಅವಸರದಲ್ಲಿ ಊರಿನ ಹೆಸರು, ಕೃತಿಯ ಹೆಸರು, ಪ್ರಶಸ್ತಿಯ ವರ್ಷ ಎಲ್ಲವೂ ಕಲಸಿಹೋಗುತ್ತವೆ. ಡಾ. ರಾಜ್‌ಕುಮಾರ್ ತೀರಿಕೊಂಡ 2006ರ ಏಪ್ರಿಲ್ 12ರಂದು ಸುದ್ದಿ ಬಂದದ್ದು ಮಧ್ಯಾಹ್ನ. ಡೆಸ್ಕಿನ ಲೆಕ್ಕದಲ್ಲಿ ಅದು ಬೇಕಾದಷ್ಟು ಸಮಯ. ಆದರೂ ಊರು ಹೊತ್ತಿ ಉರಿಯುತ್ತಿತ್ತು, ಬಸ್ಸುಗಳಿಲ್ಲ, ಅರ್ಧ ಸಿಬ್ಬಂದಿ ಕಚೇರಿ ತಲುಪಲೇ ಇಲ್ಲ. ಆ ಗಲಭೆಯಲ್ಲಿ ಎಂಟು ಜನ ಸತ್ತರು. ಎಪ್ಪತ್ತೇಳನೇ ಹುಟ್ಟುಹಬ್ಬಕ್ಕೆ ಹನ್ನೆರಡು ದಿನ ಬಾಕಿ ಇದ್ದ ಅವರ ಇನ್ನೂರಕ್ಕೂ ಹೆಚ್ಚು ಚಿತ್ರಗಳ ಪಟ್ಟಿಯನ್ನು ಅವತ್ತು ಕೂತು ತಾಳೆ ನೋಡುವುದು ಯಾರಿಂದ ಸಾಧ್ಯವಿತ್ತು? ಮುಂಚೆಯೇ ನೋಡಿಟ್ಟದ್ದಷ್ಟೇ ಪುಟಕ್ಕೆ ಹೋಗುವ ದಿನ ಅದು.

ಪಟ್ಟಿಗೆ ಯಾರನ್ನು ಸೇರಿಸುವುದು? ಮೊದಮೊದಲು ನಾನು ವಯಸ್ಸಿನ ಪ್ರಕಾರ ಜೋಡಿಸುತ್ತಿದ್ದೆ. ಎಲ್‌ಐಸಿಯಲ್ಲಿದ್ದ ಗೆಳೆಯನೊಬ್ಬ ಅದಕ್ಕೊಂದು ಸೂತ್ರವನ್ನೂ ಹೇಳಿಕೊಟ್ಟಿದ್ದ. 1825ರಲ್ಲಿ ಬೆಂಜಮಿನ್ ಗೊಂಪರ್ಟ್ಜ್ ಎಂಬ ಬ್ರಿಟಿಷ್ ವಿಮಾಗಣಿತಜ್ಞ ಗುರುತಿಸಿದ್ದು ಅದು: ಯೌವನ ದಾಟಿದ ಮೇಲೆ, ಒಂದು ವರ್ಷದೊಳಗೆ ಸಾಯುವ ಸಂಭವ ಸುಮಾರು ಎಂಟು ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತಾ ಹೋಗುತ್ತದೆ. ಎಪ್ಪತ್ತರವರಿಗಿಂತ ಎಪ್ಪತ್ತೆಂಟರವರಿಗೆ ಎರಡು ಪಟ್ಟು, ಎಂಬತ್ತಾರರವರಿಗೆ ನಾಲ್ಕು ಪಟ್ಟು. ಲಕ್ಷಾಂತರ ಪಾಲಿಸಿದಾರರಿರುವ ವಿಮಾ ಕಂಪನಿಗೆ ಇದು ಬಂಗಾರದಂಥ ಸೂತ್ರ. ನೂರು ಹೆಸರಿನ ಪಟ್ಟಿ ಇಟ್ಟುಕೊಂಡವನಿಗೆ ಇದರಿಂದ ಸಿಗುವುದು, ಈ ವರ್ಷ ಅಂದಾಜು ಎಷ್ಟು ಕಾಪಿ ಬೇಕಾದೀತು ಅನ್ನುವುದಷ್ಟೇ. ಯಾರದ್ದು ಅನ್ನುವುದು ಸಿಗುವುದಿಲ್ಲ.

ಕರ್ನಾಟಕದಲ್ಲಂತೂ ವಯಸ್ಸನ್ನು ನಂಬಿ ಕೂತರೆ ಕೆಟ್ಟೆವು. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳ ಕಾಪಿಯನ್ನು ಪ್ರತಿ ಏಪ್ರಿಲ್ 1ಕ್ಕೆ ತೆರೆದು ವಯಸ್ಸು ಒಂದು ಏರಿಸಿ ಮುಚ್ಚುವುದೇ ನಮ್ಮಲ್ಲೊಂದು ವ್ರತವಾಗಿತ್ತು. ಅದನ್ನು ಮೊದಲು ಬರೆದವರು ನಿವೃತ್ತರಾಗಿ ಹೋದರು, ಸ್ವಾಮಿಗಳು ಮಾತ್ರ ಆಸ್ಪತ್ರೆಗೆ ಹೋಗಿ ಮರಳಿ ಬಂದು ಪೂಜೆಗೆ ಕೂರುತ್ತಿದ್ದರು. 2019ರ ಜನವರಿ 21ರಂದು ಅವರು ಲಿಂಗೈಕ್ಯರಾದಾಗ 111 ವರ್ಷ. ನಿಘಂಟುಕಾರ ಜಿ. ವೆಂಕಟಸುಬ್ಬಯ್ಯ 107ಕ್ಕೆ, ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ 103ಕ್ಕೆ ಹೋದರು, ಇಬ್ಬರೂ 2021ರಲ್ಲಿ. ದೊರೆಸ್ವಾಮಿಯವರು ಕೋವಿಡ್ ಗೆದ್ದು ಮನೆಗೆ ಬಂದ ಸುದ್ದಿಯನ್ನೂ ನಾವು ಪ್ರಕಟಿಸಿದ್ದೆವು. ಶತಾಯುಷಿಗಳ ಕಾಪಿ ಹೇಗೂ ಇದ್ದೇ ಇರುತ್ತದೆ, ಆ ತಲೆನೋವು ಇಲ್ಲ.

ಹಾಗಾಗಿ ನಾನು ವಯಸ್ಸು ಬಿಟ್ಟು ಆಹ್ವಾನ ಪತ್ರಿಕೆ ಓದಲು ಕಲಿತೆ. ಡೆಸ್ಕಿಗೆ ದಿನಾ ಬಂದು ಬೀಳುವ ಕಾರ್ಯಕ್ರಮದ ಆಹ್ವಾನಗಳಲ್ಲಿ ಎಲ್ಲವೂ ಇರುತ್ತದೆ. ‘ಅಧ್ಯಕ್ಷತೆ’ ವಹಿಸುತ್ತಿದ್ದವರು ‘ಗೌರವ ಉಪಸ್ಥಿತಿ’ಗೆ ಇಳಿದರೆ ಒಂದು ಗುರುತು. ಹೆಸರು ಅಚ್ಚಾಗಿದ್ದು, ಮರುದಿನದ ವರದಿಯಲ್ಲಿ ಅವರ ಬದಲು ಸಂದೇಶವನ್ನಷ್ಟೇ ಓದಿದ್ದರೆ ಇನ್ನೊಂದು. ಪ್ರಶಸ್ತಿ ಕೊಡಲು ಸಚಿವರೇ ಮನೆಗೆ ಹೋದರು ಅಂದರೆ ನಾನು ಕಾಪಿ ತೆರೆಯುತ್ತಿದ್ದೆ. ಫೋನು ಯಾರು ಎತ್ತುತ್ತಾರೆ ಅನ್ನುವುದೂ ಮುಖ್ಯ. ಹಬ್ಬದ ವಿಶೇಷಾಂಕಕ್ಕೆ ಲೇಖನ ಕೇಳಿದಾಗ ಮೊದಲ ರಿಂಗಿಗೇ ‘ಹೇಳ್ರಿ’ ಅನ್ನುತ್ತಿದ್ದವರ ಫೋನನ್ನು ಸೊಸೆ ಎತ್ತಿ, ‘ಮಾವನವರು ಮಲಗಿದಾರೆ, ಏನಾದ್ರೂ ಹೇಳಬೇಕಿತ್ತಾ?’ ಅಂದರೆ, ಅದೂ ಬೆಳಿಗ್ಗೆ ಹನ್ನೊಂದಕ್ಕೆ, ವಿಷಯ ಗೊತ್ತಾಯಿತು. ಅಮೆರಿಕದಲ್ಲಿರುವ ಮಗ ರಜೆಯಲ್ಲದ ತಿಂಗಳಲ್ಲಿ ಬಂದಿದ್ದಾನೆ ಅನ್ನುವುದು ಇದಕ್ಕಿಂತ ಗಟ್ಟಿ ಸುಳಿವು.

ವೈದ್ಯಕೀಯವಾಗಿ ನೋಡಿದರೆ ನಾನು ದೊಡ್ಡ ದೊಡ್ಡ ಕಾಯಿಲೆಗಳ ಹೆಸರಿಗೆ ಅಷ್ಟು ಬೆಲೆ ಕೊಡುತ್ತಿರಲಿಲ್ಲ. ಯು.ಆರ್. ಅನಂತಮೂರ್ತಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಲೇ ಬರೆದರು, ಭಾಷಣ ಮಾಡಿದರು, ವಾದಕ್ಕಿಳಿದರು. 2014ರ ಆಗಸ್ಟ್ 22ರವರೆಗೂ ಅವರು ಸುದ್ದಿಯಲ್ಲೇ ಇದ್ದರು. ಗಿರೀಶ ಕಾರ್ನಾಡರು 2018ರಲ್ಲಿ ಗೌರಿ ಲಂಕೇಶರ ನೆನಪಿನ ಸಭೆಗೆ ಮೂಗಿಗೆ ಆಮ್ಲಜನಕದ ನಳಿಕೆ ಹಾಕಿಕೊಂಡೇ ಬಂದು ಕುತ್ತಿಗೆಗೆ ಫಲಕ ತೂಗುಹಾಕಿಕೊಂಡು ಕೂತಿದ್ದರು. ಆ ಫೋಟೊ ನೋಡಿದವರೆಲ್ಲ ಇನ್ನೆಷ್ಟು ದಿನವೋ ಅಂದುಕೊಂಡರು. ಅವರು ಹೋದದ್ದು ಮರುವರ್ಷದ ಜೂನ್ 10ಕ್ಕೆ. ನಾನು ಹೆದರುತ್ತಿದ್ದದ್ದು ಬಚ್ಚಲಲ್ಲಿ ಜಾರಿ ಬಿದ್ದ ಸುದ್ದಿಗೆ. ಎಂಬತ್ತು ದಾಟಿದವರು ಬಿದ್ದು ಸೊಂಟದ ಹತ್ತಿರ ಮೂಳೆ ಮುರಿದುಕೊಂಡು ಮಲಗಿದರೆ ಮುಂದಿನ ಕೆಲವು ತಿಂಗಳು ಕಷ್ಟದವು. ಐವತ್ತು ವರ್ಷ ಜೊತೆಗಿದ್ದ ಹೆಂಡತಿಯೋ ಗಂಡನೋ ಹೋದ ಮೊದಲ ವರ್ಷವೂ ಹಾಗೆಯೇ.

ಆಸ್ಪತ್ರೆಯ ಪ್ರಕಟಣೆ ಓದುವುದು ಬೇರೆಯೇ ವಿದ್ಯೆ. ‘ಚಿಕಿತ್ಸೆಗೆ ಸ್ಪಂದಿಸುತ್ತಿದ್ದಾರೆ’ ಅಂದರೆ ನಿಜಕ್ಕೂ ಸ್ಪಂದಿಸುತ್ತಿದ್ದಾರೆ. ‘ಸ್ಥಿತಿ ಗಂಭೀರವಾಗಿದ್ದರೂ ಸ್ಥಿರ’ ಅನ್ನುವುದು ಏನನ್ನೂ ಹೇಳುವುದಿಲ್ಲ. ಐಸಿಯುನಿಂದ ವಾರ್ಡಿಗಲ್ಲದೆ ನೇರ ಮನೆಗೋ ಮಠಕ್ಕೋ ಕರೆದೊಯ್ದರೆ ಪುಟದಲ್ಲಿ ಜಾಗ ಬಿಡಿಸಬೇಕು. ಪೇಜಾವರದ ವಿಶ್ವೇಶತೀರ್ಥರನ್ನು 2019ರ ಡಿಸೆಂಬರ್ 29ರ ಬೆಳಿಗ್ಗೆ ಮಣಿಪಾಲದ ಆಸ್ಪತ್ರೆಯಿಂದ ಉಡುಪಿಯ ಮಠಕ್ಕೆ ತಂದರು. ಸ್ವಲ್ಪ ಹೊತ್ತಿಗೇ ವೃಂದಾವನಸ್ಥರಾದರು. ಆಸ್ಪತ್ರೆಗಿಂತ ಪೊಲೀಸರು ನಂಬಿಕೆಗೆ ಅರ್ಹರು: ಮೈದಾನಕ್ಕೆ ಬ್ಯಾರಿಕೇಡ್ ಹೊತ್ತ ಲಾರಿ ಬಂದಿತು ಅಂದರೆ ಜಿಲ್ಲಾ ವರದಿಗಾರ ಇನ್ನಾರನ್ನೂ ಕೇಳಬೇಕಿಲ್ಲ.

ಆದರೆ ಗೊತ್ತಾಗುವುದು ಬೇರೆ, ಅಚ್ಚು ಹಾಕುವುದು ಬೇರೆ. ಹೊಸಬರಿಗೆ ನಾನು ಹೇಳುತ್ತಿದ್ದ ಕಥೆ ಜಯಪ್ರಕಾಶ ನಾರಾಯಣರದ್ದು. 1979ರ ಮಾರ್ಚ್ 22ರಂದು ಪ್ರಧಾನಿ ಮೊರಾರ್ಜಿ ದೇಸಾಯಿ ಲೋಕಸಭೆಯಲ್ಲಿ ಎದ್ದು ನಿಂತು ಜೆಪಿ ತೀರಿಕೊಂಡರೆಂದು ಘೋಷಿಸಿದರು. ಸದನ ಶ್ರದ್ಧಾಂಜಲಿ ಸಲ್ಲಿಸಿ ಮುಂದೂಡಿತು. ಜೆಪಿ ಮುಂಬೈಯ ಆಸ್ಪತ್ರೆಯಲ್ಲಿ ಜೀವಂತವಾಗಿದ್ದರು, ಅಕ್ಟೋಬರ್ 8ರವರೆಗೂ ಬದುಕಿದರು. ಪ್ರಧಾನಿಯೇ ಸದನದಲ್ಲಿ ಹೇಳಿದ ಮೇಲೆ ಇನ್ಯಾವ ಮೂಲ ಬೇಕು ಅನ್ನುವವರಿಗೆ ಇದೇ ಉತ್ತರ. 2016ರ ಡಿಸೆಂಬರ್ 5ರ ಸಂಜೆ ಜಯಲಲಿತಾ ಹೋದರೆಂದು ಟಿವಿಯಲ್ಲಿ ಬಂದು, ಅವರದೇ ಪಕ್ಷದ ಕಚೇರಿಯ ಬಾವುಟ ಅರ್ಧಕ್ಕಿಳಿದು ಮತ್ತೆ ಮೇಲೇರಿತು. 2025ರ ನವೆಂಬರಿನಲ್ಲಿ ಧರ್ಮೇಂದ್ರ ಅವರ ವಿಷಯದಲ್ಲಿ ಚಾನೆಲ್ಲುಗಳು ಅದನ್ನೇ ಮಾಡಿದವು. ಅವರ ಮನೆಯವರೇ ಸಿಟ್ಟಿನಿಂದ ಅಲ್ಲಗಳೆಯಬೇಕಾಯಿತು, ಎರಡು ವಾರದ ನಂತರ ನಿಜವಾಗಿಯೂ ತೀರಿಕೊಂಡರು. ನನ್ನ ನಿಯಮ ಸರಳ: ಮನೆಯವರು, ಇಲ್ಲವೇ ಚಿಕಿತ್ಸೆ ಕೊಟ್ಟ ವೈದ್ಯರು. ಟಿವಿ ಪರದೆಯ ಕೆಳಗೆ ಓಡುವ ಸುದ್ದಿ, ಮಂತ್ರಿಯ ಟ್ವೀಟು, ವಾಟ್ಸ್‌ಆ್ಯಪ್ಪಿನ ‘ಓಂ ಶಾಂತಿ’ ಯಾವುದೂ ಲೆಕ್ಕಕ್ಕಿಲ್ಲ. ಸಿದ್ಧಗಂಗೆಯಲ್ಲೂ ಬೆಳಿಗ್ಗೆ 11.44ಕ್ಕೆ ಆದದ್ದನ್ನು ಮಠದ ಮಕ್ಕಳ ಊಟ ಮುಗಿದ ಮೇಲೆಯೇ ಪ್ರಕಟಿಸಿದರು. ಆ ಎರಡು ಗಂಟೆ ಕೈ ಕಟ್ಟಿ ಕೂರುವುದೂ ಕೆಲಸದ ಭಾಗವೇ.

ರೆಡಿ ಕಾಪಿಯನ್ನು ಪುಟ ಕಟ್ಟುವ ಸಾಫ್ಟ್‌ವೇರಿನೊಳಗೆ ಇಡಲು ನಾನು ಯಾವತ್ತೂ ಬಿಡಲಿಲ್ಲ. 2008ರಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆ ಸ್ಟೀವ್ ಜಾಬ್ಸ್ ಅವರ ನಿಧನವಾರ್ತೆಯನ್ನು ಅವರು ಹೋಗುವ ಮೂರು ವರ್ಷ ಮೊದಲೇ ಕೈತಪ್ಪಿ ಬಿಟ್ಟಿತ್ತು. 2020ರಲ್ಲಿ ಫ್ರಾನ್ಸಿನ ಆರ್‌ಎಫ್‌ಐ ರೇಡಿಯೊ ತನ್ನ ಜಾಲತಾಣ ಬದಲಿಸುವಾಗ ಬ್ರಿಟನ್ನಿನ ರಾಣಿ, ಪೆಲೆ ಸೇರಿ ಹತ್ತಾರು ಜನರನ್ನು ಒಂದೇ ದಿನ ಸಾಯಿಸಿತು. ನಮ್ಮ ಕಾಪಿಗಳು ಬೇರೆ ಕಂಪ್ಯೂಟರಿನಲ್ಲಿದ್ದವು. ವಯಸ್ಸು, ದಿನ, ಸ್ಥಳ, ಅಂತ್ಯಕ್ರಿಯೆ ಇಷ್ಟಕ್ಕೆ ಕೆಂಪು ಅಕ್ಷರದಲ್ಲಿ ಖಾಲಿ ಬಿಟ್ಟಿರುತ್ತಿದ್ದೆವು. ಅಂತ್ಯಕ್ರಿಯೆಯ ಸಾಲು ಮೊದಲೇ ಬರೆಯಲೇಬಾರದು. ಕಾರ್ನಾಡರ ಮನೆಯವರು ಸರ್ಕಾರಿ ಗೌರವವೂ ಬೇಡ, ವಿಧಿಯೂ ಬೇಡ ಅಂದುಬಿಟ್ಟರು. ‘ಸಾರ್ವಜನಿಕ ದರ್ಶನಕ್ಕೆ ವ್ಯವಸ್ಥೆ’ ಎಂದು ಅಭ್ಯಾಸಬಲದಿಂದ ಬರೆದಿಟ್ಟಿದ್ದರೆ ಅದನ್ನು ಹುಡುಕಿ ಕಿತ್ತುಹಾಕುವುದೇ ಇನ್ನೊಂದು ಕೆಲಸವಾಗುತ್ತಿತ್ತು.

ಬರೆದದ್ದು ಸರಿಯಿದೆಯೇ ಎಂದು ಅವರನ್ನೇ ಕೇಳಿಬಿಡುವುದು ಒಳ್ಳೆಯದು ಅನ್ನುವ ಪೈಕಿ ನಾನು. ನೇರವಾಗಿ ಅಲ್ಲ. ಎಂಬತ್ತರ ಸಂಭ್ರಮಕ್ಕೊಂದು ಸಂದರ್ಶನ ಎಂದು ಹೋಗಿ ಕೂತರೆ ಊರು, ಶಾಲೆ, ತಾಯಿಯ ಹೆಸರು ಎಲ್ಲ ಸಿಗುತ್ತದೆ. ಧಾರವಾಡದ ಹಿರಿಯರೊಬ್ಬರು ನನ್ನ ಪ್ರಶ್ನೆಗಳ ಜಾಡು ಹಿಡಿದು ನಕ್ಕು, ‘ತಮ್ಮಾ, ನನ್ನ ಕಾಪಿ ರೆಡಿ ಮಾಡಾಕ ಬಂದೀಯಲ್ಲ? ಹಂಗಾರ ಬರಕೋ, ಸಾಲ್ಯಾಗ ಬರೆಸಿದ ತಾರೀಖು ಖರೇ ಅಲ್ಲ’ ಅಂದರು. ಆಮೇಲೆ ಚಹಾ ತರಿಸಿ, ಬಿಟ್ಟುಹೋಗಬಾರದ ಎರಡು ಪುಸ್ತಕಗಳ ಹೆಸರನ್ನೂ, ಸೇರಿಸಲೇಬಾರದ ಒಂದು ಪ್ರಶಸ್ತಿಯ ಹೆಸರನ್ನೂ ಬರೆಸಿದರು. ಆ ಪ್ರಶಸ್ತಿ ನಮ್ಮ ಪತ್ರಿಕೆಯಲ್ಲಿ ಬರಲಿಲ್ಲ.

‘ಸಾವು ಮೂರಾಗಿ ಬರುತ್ತದೆ’ ಅನ್ನುವ ಮಾತು ಡೆಸ್ಕಿನಲ್ಲಿ ಆಗಾಗ ಏಳುತ್ತದೆ. 2009ರ ಡಿಸೆಂಬರ್ 29ರಂದು, ತಮ್ಮ ಎಪ್ಪತ್ತನೇ ಹುಟ್ಟುಹಬ್ಬದ ದಿನವೇ, ಗಾಯಕ ಸಿ. ಅಶ್ವತ್ಥ್ ಹೋದರು. ಆ ಸುದ್ದಿ ಹೊತ್ತ ಪತ್ರಿಕೆ ಓದುಗರ ಕೈಸೇರುವಷ್ಟರಲ್ಲಿ ಮೈಸೂರಿನಲ್ಲಿ ವಿಷ್ಣುವರ್ಧನ್ ಇರಲಿಲ್ಲ. ಜನವರಿ 18ಕ್ಕೆ ಅದೇ ಮೈಸೂರಿನಲ್ಲಿ ನಟ ಕೆ.ಎಸ್. ಅಶ್ವತ್ಥ್. 2018ರ ನವೆಂಬರಿನಲ್ಲಿ ಅನಂತಕುಮಾರ್, ಅಂಬರೀಷ್, ಜಾಫರ್ ಷರೀಫ್. ಮೂರಾದ ಮೇಲೆ ಎಣಿಕೆ ನಿಲ್ಲಿಸುತ್ತೇವೆ, ಅದಕ್ಕೇ ಮೂರು. ರೈಲ್ವೆ ಸಚಿವರಾಗಿದ್ದ ಷರೀಫರ ಕಾಪಿ ಚೆನ್ನಾಗಿತ್ತು, ರೈಲು ಹಳಿಗಳ ಗೇಜ್ ಪರಿವರ್ತನೆಯ ಇಡೀ ಕಥೆ ಅದರಲ್ಲಿತ್ತು. ಅಂಬರೀಷ್ ಹೋದ ಮರುದಿನ ತೀರಿಕೊಂಡದ್ದರಿಂದ ಅದಕ್ಕೆ ಸಿಕ್ಕ ಜಾಗ ಕಡಿಮೆ. ಡೆಸ್ಕಿನ ಹುಡುಗರು ಒಮ್ಮೆ ಮುಂದಿನವರು ಯಾರೆಂದು ಬಾಜಿ ಕಟ್ಟಲು ಹೊರಟಿದ್ದರು. ಕಟ್ಟುವವರು ಮೊದಲು ಆ ಹೆಸರಿನ ಕಾಪಿ ಬರೆದು ಕೊಡಬೇಕು ಅಂದೆ. ಬಾಜಿ ಅಲ್ಲಿಗೇ ನಿಂತಿತು.

2021ರ ಅಕ್ಟೋಬರ್ 29ಕ್ಕೆ ಯಾವ ಪಟ್ಟಿಯೂ ಇರಲಿಲ್ಲ. ಪುನೀತ್‌ಗೆ 46. ಅವತ್ತು ಎಲ್ಲವನ್ನೂ ಸೊನ್ನೆಯಿಂದ ಬರೆದೆವು. ನಲವತ್ತಾರರವರ ಕಾಪಿ ಬರೆದಿಡುವ ಡೆಸ್ಕು ಎಲ್ಲೂ ಇರುವುದಿಲ್ಲ, ಇರಲೂಬಾರದು.

ನಮ್ಮ ಪಟ್ಟಿಯಲ್ಲಿ ನನಗೆ ಚುಚ್ಚುತ್ತಿದ್ದ ವಿಷಯ ಬೇರೆ. ಅದರ ತುಂಬ ಬೆಂಗಳೂರು, ಮೈಸೂರು, ಧಾರವಾಡದವರೇ: ಸಿನಿಮಾ, ರಾಜಕೀಯ, ಮಠ, ಸಾಹಿತ್ಯ. ಯಾರ ಸಾವು ಮೊದಲ ಪುಟಕ್ಕೆ ಬರಬೇಕು ಅನ್ನುವುದನ್ನು ನಾವು ಅವರು ಬದುಕಿರುವಾಗಲೇ ತೀರ್ಮಾನಿಸಿ ಕೂತಿರುತ್ತೇವೆ. ಗಿಡಮರ ಬೆಳೆಸುತ್ತಿದ್ದ ಅಂಕೋಲೆಯ ತುಳಸಿ ಗೌಡರ ಹೆಸರನ್ನೂ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರ ಹೆಸರನ್ನೂ ಸೇರಿಸಿ ಎಂದು ಹಿಂದೆ ಬಿದ್ದವನು ಕಾರವಾರದ ವರದಿಗಾರ. ಪದ್ಮಶ್ರೀ ಬಂದಾಗ ಮಾಡಿದ ಸುದ್ದಿ ಇದೆಯಲ್ಲ, ಸಾಕು ಎಂದು ಮೀಟಿಂಗಿನಲ್ಲಿ ಕೆಲವರು ಅಂದರು. ಅವನು ಬಿಡದೆ ಬಡಗೇರಿಗೂ ಹೊನ್ನಳ್ಳಿಗೂ ಹೋಗಿ ಕೂತು ಬರೆದು ತಂದ: ಯಾವ ಬೀಜವನ್ನು ಯಾವ ತಿಂಗಳು ಆಯುತ್ತಾರೆ, ಸಾರಾಯಿ ವಿರುದ್ಧದ ಹೋರಾಟದಲ್ಲಿ ಸುಕ್ರಜ್ಜಿಯ ಜೊತೆ ಯಾರ್‍ಯಾರಿದ್ದರು. ತುಳಸಿ ಗೌಡರು 2024ರ ಡಿಸೆಂಬರ್ 16ರಂದು, ಸುಕ್ರಜ್ಜಿ 2025ರ ಫೆಬ್ರುವರಿ 13ರಂದು ತೀರಿಕೊಂಡರು. ಎರಡೂ ಸಲ ಪುಟ ತುಂಬಿಸಲು ನಾವು ಒದ್ದಾಡಲಿಲ್ಲ.

ಈಗ ಜಿಲ್ಲೆಗಳಿಂದಲೇ ಹೆಸರು ಬರುತ್ತವೆ. ಬಳ್ಳಾರಿಯಿಂದ ಮೊನ್ನೆ ಎರಡು ಬಂದಿವೆ, ಇಬ್ಬರೂ ಬಯಲಾಟದವರು. ಒಬ್ಬರ ವಯಸ್ಸು ಆಧಾರ್‌ನಲ್ಲಿ ಒಂದಿದೆ, ಮನೆಯವರು ಹೇಳುವುದು ಇನ್ನೊಂದು. ಹಿರಿಯ ಮಗನನ್ನು ಕೇಳಿ ಬರೆ, ಸಾಧ್ಯವಾದರೆ ಅವರನ್ನೇ ಕೇಳು ಎಂದು ವಾಪಸು ಕಳಿಸಿದ್ದೇನೆ.