"ನಮ್ಮದು ಎಲ್ಲಿಗೆ ಬಂತು?": ಶಾಸಕರ ಮಾಹಿತಿ ಪತ್ರ ಬರೆಯುವ ನನ್ನ ಅನುಭವ

ಶಾಸಕರ ಕಚೇರಿಗೆ ಬರುವ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ: "ನಮ್ಮದು ಎಲ್ಲಿಗೆ ಬಂತು?" ಊರಿನ ರಸ್ತೆ ಇರಲಿ, ಸಾಗುವಳಿ ಚೀಟಿ ಇರಲಿ, ಗೃಹಲಕ್ಷ್ಮಿ ಹಣ ಇರಲಿ, ಪ್ರಶ್ನೆ ಬದಲಾಗುವುದಿಲ್ಲ. ನಾನು ಕರ್ನಾಟಕದ ಶಾಸಕರೊಬ್ಬರ ಆಪ್ತ ಸಹಾಯಕ. ತಿಂಗಳಿಗೊಮ್ಮೆ ಕ್ಷೇತ್ರದ ಜನರಿಗೆ ಮಾಹಿತಿ ಪತ್ರ ಬರೆಯುವುದು ನನ್ನ ಕೆಲಸಗಳಲ್ಲಿ ಒಂದು. ಆ ಪತ್ರ ಈ ಪ್ರಶ್ನೆಗೆ ಉತ್ತರ ಕೊಡದಿದ್ದರೆ ಅದನ್ನು ಬರೆದೂ ಪ್ರಯೋಜನವಿಲ್ಲ ಎಂದು ನಾನು ನಂಬಿದ್ದೇನೆ.

ಇಂಥ ಪತ್ರಗಳಲ್ಲಿ ಸಾಮಾನ್ಯವಾಗಿ ಏನಿರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಗುದ್ದಲಿ ಪೂಜೆಯ ಫೋಟೊ, ಹಾರ, ಶಾಲು. ಗುದ್ದಲಿ ಪೂಜೆ ಆದದ್ದು ಆ ಊರಿನವರಿಗೆ ಮೊದಲೇ ಗೊತ್ತಿರುತ್ತದೆ, ಅಲ್ವಾ? ಅವರಿಗೆ ಬೇಕಾದದ್ದು ಅದರ ನಂತರದ ಸುದ್ದಿ. ಅದಕ್ಕೇ ನಾನು ಪ್ರತಿ ವಿಷಯಕ್ಕೂ ಮೂರು ಮಾತು ಬರೆಯುತ್ತೇನೆ. ಕೆಲಸ ಈಗ ಯಾವ ಹಂತದಲ್ಲಿದೆ, ಮುಂದಿನ ಹಂತ ಯಾವ ಅಧಿಕಾರಿಯ ಕೈಯಲ್ಲಿದೆ, ಜನ ಈಗ ಏನಾದರೂ ಮಾಡಬೇಕಾ ಬೇಡವಾ.

ರಸ್ತೆ ಕೆಲಸವನ್ನೇ ನೋಡಿ. ಬೇಡಿಕೆ ಪತ್ರ ಕೊಟ್ಟ ದಿನದಿಂದ ಜಲ್ಲಿ ಬೀಳುವ ದಿನದವರೆಗೆ ಹಲವು ಮೆಟ್ಟಿಲುಗಳಿವೆ. ಇಂಜಿನಿಯರ್ ಬಂದು ನೋಡಿ ಅಂದಾಜು ಪಟ್ಟಿ ಮಾಡಬೇಕು. ಆಡಳಿತಾತ್ಮಕ ಅನುಮೋದನೆ ಸಿಗಬೇಕು, ತಾಂತ್ರಿಕ ಮಂಜೂರಾತಿ ಸಿಗಬೇಕು. ಟೆಂಡರ್ ಕರೆಯಬೇಕು. ಗುತ್ತಿಗೆದಾರರಿಗೆ ಕಾರ್ಯಾದೇಶ ಹೋಗಬೇಕು. "ನಿಮ್ಮ ರಸ್ತೆ ಆಗಿದೆ ಕಣಣ್ಣ" ಎಂದು ಯಾರೋ ಹೇಳಿದಾಗ ಅದು ಇವುಗಳಲ್ಲಿ ಯಾವ ಮೆಟ್ಟಿಲಾದರೂ ಆಗಿರಬಹುದು. ಅಂದಾಜು ಪಟ್ಟಿ ಹಂತದಲ್ಲೇ ನಿಂತ ಕೆಲಸ ಮತ್ತು ಕಾರ್ಯಾದೇಶ ಆದ ಕೆಲಸ ಎರಡೂ ಬೇರೆ ಬೇರೆ. ಮೊದಲನೆಯದಕ್ಕೆ ಜನ ಇನ್ನೂ ಒತ್ತಾಯ ಮಾಡಬೇಕು. ಎರಡನೆಯದರಲ್ಲಿ ಕೆಲಸದ ಗುಣಮಟ್ಟ ನೋಡುತ್ತಾ ನಿಲ್ಲಬೇಕು. ಹಂತ ಗೊತ್ತಿಲ್ಲದಿದ್ದರೆ ಅವರು ಸುಮ್ನೆ ಕಚೇರಿಯಿಂದ ಕಚೇರಿಗೆ ಅಲೆಯುತ್ತಾರೆ.

ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯ ಬಗ್ಗೆ ತಪ್ಪು ತಿಳಿವಳಿಕೆ ಜಾಸ್ತಿ. ನಮ್ಮ ರಾಜ್ಯದಲ್ಲಿ ಇದು ಒಬ್ಬ ಶಾಸಕರಿಗೆ ವರ್ಷಕ್ಕೆ 2 ಕೋಟಿ ರೂಪಾಯಿ. ಈ ಹಣ ಶಾಸಕರ ಕೈಗೆ ಬರುತ್ತದೆ ಎಂದು ಎಷ್ಟೋ ಜನ ಅಂದುಕೊಂಡಿದ್ದಾರೆ. ಶಾಸಕರು ಕಾಮಗಾರಿಯನ್ನು ಶಿಫಾರಸು ಮಾಡುತ್ತಾರೆ, ಅಷ್ಟೇ. ಅನುಮೋದನೆ ಕೊಡುವವರು ಜಿಲ್ಲಾಧಿಕಾರಿ, ಕೆಲಸ ಮಾಡಿಸುವುದು ಇಲಾಖೆ ಅಥವಾ ಸಂಸ್ಥೆ. ಹಾಗಾಗಿ ನಾವು ಈ ನಿಧಿಯ ಪಟ್ಟಿಯನ್ನು ಊರು, ಕೆಲಸ, ಮೊತ್ತ, ಹಂತ ಎಂದು ವಿಂಗಡಿಸಿ ಪೂರ್ತಿಯಾಗಿ ಹಾಕುತ್ತೇವೆ. ಆರಂಭದಲ್ಲಿ ಶಾಸಕರ ಜೊತೆಗಿದ್ದ ಕೆಲವರು ಬೇಡ ಎಂದರು. "ಪಟ್ಟಿ ಹಾಕಿದರೆ ನಮ್ಮೂರಿಗೇಕೆ ಇಲ್ಲ ಅಂತ ಕೇಳ್ತಾರೆ" ಎಂಬುದು ಅವರ ವಾದ. ಜನ ಕೇಳಿದರು ಕೂಡ. ಆದರೆ ಕೇಳಿದವರಿಗೆ ಮುಂದಿನ ವರ್ಷದ ಶಿಫಾರಸು ಯಾವಾಗ ಹೋಗುತ್ತದೆ, ಅದರೊಳಗೆ ಗ್ರಾಮಸಭೆಯಲ್ಲಿ ವಿಷಯ ಇಡಿ ಎಂದು ಹೇಳುವ ಅವಕಾಶ ನಮಗೆ ಸಿಕ್ಕಿತು. ಪಟ್ಟಿ ಮುಚ್ಚಿಟ್ಟಿದ್ದರೆ ಆ ಮಾತೇ ಬರುತ್ತಿರಲಿಲ್ಲ.

ಹಂತದ ಮಾಹಿತಿ ನನಗೆ ಸಿಗುವುದು ಹೆಚ್ಚಾಗಿ ಕೆಡಿಪಿ ಸಭೆಯ, ಅಂದರೆ ಇಲಾಖೆಗಳ ಕೆಲಸ ಪರಿಶೀಲಿಸುವ ಸಭೆಯ, ಪ್ರಗತಿ ವರದಿಯಿಂದ. ತಾಲ್ಲೂಕು ಮಟ್ಟದ ಈ ತ್ರೈಮಾಸಿಕ ಸಭೆಗೆ ಶಾಸಕರೇ ಅಧ್ಯಕ್ಷರು. ಎಲ್ಲ ಇಲಾಖೆಗಳೂ ಲೆಕ್ಕ ತರುತ್ತವೆ. ಆ ವರದಿಯನ್ನು ಹಾಗೆಯೇ ಪತ್ರಕ್ಕೆ ಇಳಿಸಬಾರದು. "ಪ್ರಗತಿಯಲ್ಲಿದೆ" ಎಂದು ಬರೆದಿರುವ ಕಡೆ ಹೋಗಿ ನೋಡಿದರೆ ರಸ್ತೆ ಬದಿಯಲ್ಲಿ ಜಲ್ಲಿ ರಾಶಿ ಮಾತ್ರ ಇರುವುದುಂಟು. ಹಾಗಾಗಿ ಪ್ರತಿ ಕೆಲಸಕ್ಕೂ ಆ ಊರಿನ ಒಬ್ಬರಿಗೆ ಫೋನ್ ಮಾಡುತ್ತೇನೆ. ಪಂಚಾಯಿತಿ ಸದಸ್ಯರು, ಅಂಗನವಾಡಿ ಕಾರ್ಯಕರ್ತೆ, ಯಾರಾದರೂ ಸರಿ. ವರದಿ ಒಂದು ಹೇಳಿ ಊರು ಇನ್ನೊಂದು ಹೇಳಿದರೆ ಎರಡನ್ನೂ ಪತ್ರದಲ್ಲಿ ಬರೆಯುತ್ತೇನೆ. ಅಧಿಕಾರಿಗಳಿಗೆ ಇದು ಇಷ್ಟವಾಗುವುದಿಲ್ಲ. ಆದರೆ ಮುಂದಿನ ಸಭೆಗೆ ಬರುವ ವರದಿ ಹೆಚ್ಚು ಎಚ್ಚರದಿಂದ ತಯಾರಾಗಿರುತ್ತದೆ.

ಅಧಿವೇಶನದ ಸಮಯದಲ್ಲಿ ಪತ್ರದ ಸ್ವರೂಪ ಬದಲಾಗುತ್ತದೆ. ವಿಧಾನಸಭೆಯಲ್ಲಿ 224 ಕ್ಷೇತ್ರಗಳ ಸದಸ್ಯರಿದ್ದಾರೆ, ಎಲ್ಲರಿಗೂ ಸದನದಲ್ಲಿ ಮಾತಾಡುವ ಅವಕಾಶ ಪ್ರತಿದಿನ ಸಿಗುವುದಿಲ್ಲ. ಟಿವಿಯಲ್ಲಿ ಕಾಣಲಿಲ್ಲ ಎಂದರೆ ಶಾಸಕರು ಕ್ಷೇತ್ರದ ವಿಷಯ ಎತ್ತಲೇ ಇಲ್ಲ ಎಂದು ಜನ ತಿಳಿಯುತ್ತಾರೆ. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಉತ್ತರ ಬರಹದಲ್ಲಿ ಬರುತ್ತದೆ, ಕ್ಯಾಮೆರಾ ಮುಂದೆ ಅಲ್ಲ. ನನ್ನ ಅಭಿಪ್ರಾಯದಲ್ಲಿ ಕ್ಷೇತ್ರದ ಕೆಲಸಕ್ಕೆ ಅದೇ ಹೆಚ್ಚು ಉಪಯೋಗ. ಸಚಿವರ ಸಹಿಯೊಂದಿಗೆ ಅಂಕಿಅಂಶ ಕೈಗೆ ಸಿಗುತ್ತದೆ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆದಾಗ ನಾನು ಸಂಜೆ ಮಾಡುವ ಮೊದಲ ಕೆಲಸ, ನಮ್ಮ ಪ್ರಶ್ನೆಗಳಿಗೆ ಬಂದ ಉತ್ತರಗಳನ್ನು ಸಂಗ್ರಹಿಸಿ ಓದುವುದು.

ಓದುವುದಕ್ಕೂ ಅಭ್ಯಾಸ ಬೇಕು. "ಅನುದಾನದ ಲಭ್ಯತೆಯನ್ನು ಆಧರಿಸಿ ಕ್ರಮ ಕೈಗೊಳ್ಳಲಾಗುವುದು" ಎಂದು ಬಂದರೆ ಸದ್ಯಕ್ಕೆ ಅದಕ್ಕೆ ಹಣ ಇಟ್ಟಿಲ್ಲ ಎಂದೇ ತಿಳಿಯಬೇಕು. ಇದನ್ನು "ಸಚಿವರಿಂದ ಭರವಸೆ" ಎಂದು ದೊಡ್ಡಕ್ಷರದಲ್ಲಿ ಹಾಕುವುದು ಸುಲಭ. ನಾನು ಹಾಗೆ ಬರೆಯುವುದಿಲ್ಲ. "ಈಗ ಹಣ ಇಲ್ಲ, ಬಜೆಟ್‌ಗೆ ಮೊದಲು ಮತ್ತೆ ಪತ್ರ ಬರೆಯುತ್ತೇವೆ" ಎಂದೇ ಬರೆಯುತ್ತೇನೆ. ಹೀಗೆ ಬರೆಯಲು ಶಾಸಕರ ಒಪ್ಪಿಗೆ ಬೇಕು. ನಮ್ಮವರು ಒಪ್ಪಿದ್ದಾರೆ. ಒಪ್ಪದ ಕಡೆ ಈ ಕೆಲಸ ಕಷ್ಟ.

ಕಾನೂನಿನ ವಿಷಯದಲ್ಲಿ ಅತಿ ಹೆಚ್ಚು ಎಚ್ಚರ ಬೇಕಾದದ್ದು 2025ರ ಆರಂಭದಲ್ಲಿ. ಮೈಕ್ರೋಫೈನಾನ್ಸ್ ಸಾಲ ವಸೂಲಿಯ ಕಿರುಕುಳ ತಡೆಯಲು ಸರ್ಕಾರ ಸುಗ್ರೀವಾಜ್ಞೆ ತಂದಿತು. ರಾಜ್ಯಪಾಲರು ಮೊದಲು ಅದನ್ನು ಹಿಂದಿರುಗಿಸಿದರು, ನಂತರ ಫೆಬ್ರವರಿ 12ರಂದು ಅಂಕಿತ ಹಾಕಿದರು. ಮಾರ್ಚ್‌ನಲ್ಲಿ ವಿಧೇಯಕ ಸದನದಲ್ಲಿ ಅಂಗೀಕಾರವಾಯಿತು. ಆದರೆ ಹಳ್ಳಿಗಳಿಗೆ ತಲುಪಿದ ಸುದ್ದಿಯೇ ಬೇರೆ. "ಅಣ್ಣಾ, ಸಂಘದ ಸಾಲ ಇನ್ನು ಕಟ್ಟೋದು ಬೇಡವಂತೆ, ಹೌದಾ?" ಎಂದು ಹೆಣ್ಣುಮಕ್ಕಳು ಕಚೇರಿಗೆ ಬಂದು ಕೇಳತೊಡಗಿದರು. ಕಂತು ನಿಲ್ಲಿಸಲು ಹೊರಟವರೂ ಇದ್ದರು.

ಅಲ್ಲಿ ಒಂದು ಮಾತು ಆಚೀಚೆ ಆದರೂ ಒಂದು ಮನೆಗೆ ಪೆಟ್ಟು ಬೀಳುತ್ತದೆ. ಪತ್ರದಲ್ಲಿ ಕಾನೂನಿನ ಹೆಸರು, ಕಲಂ ಎಲ್ಲ ಹಿಂದಕ್ಕೆ ಹಾಕಿದೆ. ಅವರು ಕೇಳುತ್ತಿದ್ದ ಪ್ರಶ್ನೆಯನ್ನೇ ಮೊದಲ ಸಾಲಾಗಿ ಇಟ್ಟೆ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಬ್ಯಾಂಕ್ ಮತ್ತು ಹಣಕಾಸು ಕಂಪನಿಗಳಿಗೆ ಈ ಕಾನೂನು ಅನ್ವಯಿಸುವುದಿಲ್ಲ, ಅವರ ಸಾಲ ಮನ್ನಾ ಆಗಿಲ್ಲ, ಕಂತು ಕಟ್ಟಲೇಬೇಕು. ನೋಂದಣಿ ಇಲ್ಲದ, ಪರವಾನಗಿ ಇಲ್ಲದ ಲೇವಾದೇವಿಯವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲದ ವಿಷಯ ಬೇರೆ, ಅದನ್ನು ತೀರಿದಂತೆ ಎಂದು ಪರಿಗಣಿಸುವ ಅವಕಾಶ ಇದರಲ್ಲಿದೆ. ಕಿರುಕುಳ ಕೊಟ್ಟವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ದೂರು ದಾಖಲಿಸಲು ಪೊಲೀಸರು ನಿರಾಕರಿಸುವಂತಿಲ್ಲ.

ಕಂತು ಕಟ್ಟಬೇಕು ಎಂದಷ್ಟೇ ಹೇಳಿ ಬಿಟ್ಟರೆ ಕಷ್ಟದಲ್ಲಿರುವವರಿಗೆ ನಾವು ಏನೂ ಕೊಟ್ಟಂತಾಗುವುದಿಲ್ಲ. ನೋಂದಾಯಿತ ಕಂಪನಿಗಳಿಗೂ ರಿಸರ್ವ್ ಬ್ಯಾಂಕಿನ ನಿಯಮಗಳಿವೆ. ಮೈಕ್ರೋಫೈನಾನ್ಸ್ ಸಾಲಗಾರರಿಗೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗಾಗಿ ಫೋನ್ ಮಾಡುವಂತಿಲ್ಲ. ಬೈಯುವಂತಿಲ್ಲ, ನೆಂಟರಿಗೆ ಕಾಟ ಕೊಡುವಂತಿಲ್ಲ. ಮನೆಯ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ಆದಾಯದ ಅರ್ಧ ಮೀರುವಂತಿಲ್ಲ. ಇದನ್ನು ಪತ್ರದಲ್ಲಿ ಹಾಕಿದ ಮೇಲೆ ಕಚೇರಿಗೆ ಬರುವವರ ಮಾತೇ ಬದಲಾಯಿತು. "ಕಟ್ಟೋದು ಬೇಡವಾ" ಎಂಬುದು ಹೋಗಿ, "ರಾತ್ರಿ ಎಂಟಕ್ಕೆ ಮನೆ ಮುಂದೆ ಕೂತಿದ್ದರು, ದೂರು ಎಲ್ಲಿ ಕೊಡಲಿ" ಎಂಬುದು ಬಂತು. ಇಂಥ ಬರಹವನ್ನು ಹಂಚುವ ಮೊದಲು ವಕೀಲರೊಬ್ಬರಿಗೆ ಓದಿಸುತ್ತೇನೆ. ಜೊತೆಗೆ 15100, ಅಂದರೆ ಉಚಿತ ಕಾನೂನು ನೆರವಿನ ಸಂಖ್ಯೆ ಹಾಕುತ್ತೇನೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಈ ನೆರವು ಉಚಿತ. ಇದು ಗೊತ್ತಿರುವವರು ಬಹಳ ಕಡಿಮೆ.

ಬಗರ್ ಹುಕುಂ, ಅಂದರೆ ಅನುಮತಿ ಇಲ್ಲದೆ ಸಾಗುವಳಿ ಮಾಡಿದ ಸರ್ಕಾರಿ ಜಮೀನನ್ನು ಸಕ್ರಮ ಮಾಡುವ ವಿಷಯ ಇದಕ್ಕಿಂತ ಸೂಕ್ಷ್ಮ. ಸಮಿತಿಗೆ ಸಾಮಾನ್ಯವಾಗಿ ಶಾಸಕರೇ ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ. ಅರ್ಜಿ ತಿರಸ್ಕಾರವಾದರೆ ಶಾಸಕರೇ ಬೇಡವೆಂದರು ಎಂಬ ಮಾತು ಹಬ್ಬುತ್ತದೆ. ಹಾಗಾಗಿ ಕಾರಣಗಳನ್ನು ಬಿಡಿಸಿ ಬರೆಯುತ್ತೇವೆ. 100 ಜಾನುವಾರುಗಳಿಗೆ 30 ಎಕರೆಯಂತೆ ಗೋಮಾಳ ಉಳಿಯಬೇಕು, ಅರಣ್ಯ ಜಮೀನು ಕೊಡಲು ಬರುವುದಿಲ್ಲ, ನಮೂನೆ 57ರಲ್ಲಿ ಸಕ್ರಮಕ್ಕೆ ಅರ್ಜಿ ಹಾಕಿದವರು 2005ರ ಜನವರಿ 1ಕ್ಕೆ ಮೊದಲಿನ ಸಾಗುವಳಿ ತೋರಿಸಬೇಕು. ಯಾವ ಹೋಬಳಿಯ ಅರ್ಜಿಗಳು ಯಾವ ಸಭೆಗೆ ಬರುತ್ತವೆ ಎಂಬುದನ್ನೂ ಹಾಕುತ್ತೇವೆ. ಅರ್ಜಿದಾರರ ಹೆಸರು ಮಾತ್ರ ವಾಟ್ಸಾಪ್‌ಗೆ ಹಾಕುವುದಿಲ್ಲ. ಜಮೀನು, ಸಾಲ, ಕಾಯಿಲೆ, ಈ ಮೂರರಲ್ಲಿ ಯಾರ ಹೆಸರೂ ನಮ್ಮ ಪತ್ರದಲ್ಲಿ ಬರುವುದಿಲ್ಲ. ಮುಖ್ಯಮಂತ್ರಿ ಪರಿಹಾರ ನಿಧಿಯ ಚೆಕ್ ಕೊಡುವ ಫೋಟೊ ಸಹ ಬೇಡ ಎಂದು ನಾನು ಹಟ ಹಿಡಿದಿದ್ದೇನೆ. ಆಸ್ಪತ್ರೆ ಖರ್ಚಿಗೆ ನೆರವು ಕೇಳಿದವರ ಮುಖವನ್ನು ಇಡೀ ತಾಲ್ಲೂಕಿಗೆ ತೋರಿಸುವ ಹಕ್ಕು ನಮಗಿಲ್ಲ.

ಸೌಲಭ್ಯಗಳ ಪುಟ ಚಿಕ್ಕದು. ಸರ್ಕಾರಿ ಸೇವೆ ನಿಗದಿತ ದಿನಗಳಲ್ಲಿ ಕೊಡಿಸುವ 'ಸಕಾಲ' ಯೋಜನೆಯಲ್ಲಿ ಅರ್ಜಿ ಹಾಕಿದರೆ 15 ಅಂಕಿಯ ಸಂಖ್ಯೆ ಇರುವ ಸ್ವೀಕೃತಿ ಕೇಳಿ ಪಡೆಯಿರಿ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು ಎಂದು ಪ್ರತಿ ತಿಂಗಳೂ ಹಾಕುತ್ತೇನೆ. ಮೊತ್ತ ಸಣ್ಣದು, ಆದರೆ ಆ ಸ್ವೀಕೃತಿ ಇದ್ದರೆ ಮೇಲ್ಮನವಿ ಸುಲಭ. ಸರ್ಕಾರದ ದೂರುಗಳಿಗೆ 1902. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ, ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬೇಕು. ಗೃಹಲಕ್ಷ್ಮಿಯ 2,000 ರೂಪಾಯಿ ನಿಂತರೆ ಮೊದಲು ಬ್ಯಾಂಕಿನಲ್ಲಿ ಆಧಾರ್ ಜೋಡಣೆ ಸರಿ ಇದೆಯಾ ನೋಡಿಸಿ, ಆಮೇಲೆ ನಮ್ಮಲ್ಲಿಗೆ ಬನ್ನಿ. ಪತ್ರಕ್ಕೆ ಹಾಕುವ ಪ್ರತಿ ಸಂಖ್ಯೆಗೂ ನಾನೇ ಒಮ್ಮೆ ಕರೆ ಮಾಡಿ ನೋಡುತ್ತೇನೆ.

ಪತ್ರ ತಲುಪುವುದು ವಾಟ್ಸಾಪ್‌ನಲ್ಲಿ, ಜೊತೆಗೆ ಶಾಸಕರ ದನಿಯ ಚಿಕ್ಕ ಆಡಿಯೊ. ವಯಸ್ಸಾದವರು ಆಡಿಯೊ ಕೇಳುತ್ತಾರೆ, ಓದುವುದಿಲ್ಲ. ಒಂದು ಹಾಳೆಯನ್ನು ಪಂಚಾಯಿತಿ, ನ್ಯಾಯಬೆಲೆ ಅಂಗಡಿ, ಹಾಲಿನ ಡೇರಿಗಳಲ್ಲಿ ಅಂಟಿಸುತ್ತೇವೆ. ಡೇರಿಯೇ ಎಲ್ಲಕ್ಕಿಂತ ಒಳ್ಳೆಯ ಜಾಗ. ಹಾಲು ಹಾಕಲು ಸಾಲಿನಲ್ಲಿ ನಿಂತವರು ಓದುತ್ತಾರೆ, ಓದಲು ಬಾರದವರಿಗೆ ಪಕ್ಕದವರು ಹೇಳುತ್ತಾರೆ.

ಚುನಾವಣಾ ನೀತಿ ಸಂಹಿತೆ ಬಂದಾಗ ಎಲ್ಲ ನಿಲ್ಲುತ್ತದೆ. 2024ರ ಲೋಕಸಭಾ ಚುನಾವಣೆಯಲ್ಲಿ ಮಾರ್ಚ್ 16ರಿಂದ ಜೂನ್ 6ರವರೆಗೆ ಸಂಹಿತೆ ಇತ್ತು. ಆಗ ಪತ್ರ, ಆಡಿಯೊ ಎರಡನ್ನೂ ನಿಲ್ಲಿಸಿ, ಅಂಟಿಸಿದ್ದ ಹಾಳೆಗಳನ್ನು ತೆಗೆಸಿದೆವು. ಕಚೇರಿಗೆ ಬಂದವರಿಗೆ ಇಲಾಖೆಗಳ ಸಹಾಯವಾಣಿ ಸಂಖ್ಯೆ ಹೇಳಿ ಕಳಿಸುತ್ತಿದ್ದೆವು. ಹೊಸ ಕೆಲಸ ಶುರುವಾಗದಿರುವುದಕ್ಕೆ ಸಂಹಿತೆ ಕಾರಣ, ಶುರುವಾಗಿರುವುದು ನಡೆಯುತ್ತದೆ ಎಂದು ಕೇಳಿದವರಿಗೆಲ್ಲ ವಿವರಿಸಿದೆವು. ಜೂನ್‌ನಲ್ಲಿ ಮತ್ತೆ ಆರಂಭಿಸಿದಾಗ ಮೊದಲ ಪುಟಕ್ಕೆ ಹಾಕಿದ್ದು ಟೆಂಡರ್ ಹಂತದಲ್ಲಿ ನಿಂತಿದ್ದ ಕಾಮಗಾರಿಗಳ ಪಟ್ಟಿ, ಪ್ರತಿಯೊಂದರ ಎದುರು ಕಡತ ಯಾವ ಕಚೇರಿಯಲ್ಲಿದೆ ಎಂಬುದು.