ಮಕ್ಕಳ ತೂಕದ ಚಿಂತಿ ಇದ್ರ ಮೊದ್ಲು ಕಿರಾಣಿ ಚೀಟಿ ನೋಡ್ರಿ

ನಮ್ಮ ಕಲಬುರಗಿ ಕಡಿ ಕೂಸು ದುಂಡಗ ಇದ್ರ ಆಯಿಗೆ ಖುಷಿ, ತೆಳ್ಳಗ ಇದ್ರ ಓಣಿ ಮಂದಿಗೆಲ್ಲ ಚಿಂತಿ. ಅದೇ ಕೂಸು ಐದನೇ ಕ್ಲಾಸಿಗೆ ಬಂದು ಯೂನಿಫಾರ್ಮ್ ಪ್ಯಾಂಟಿನ ಹುಕ್ ಹತ್ತವಲ್ದು ಅಂದ ಕೂಡ್ಲೆ ಎಲ್ರೂ ಸೇರಿ "ಕಮ್ಮಿ ತಿನ್ನೋ" ಅಂತ ಅದರ ಮ್ಯಾಲೇ ಬೀಳ್ತಾರ. ಬೀಳಬ್ಯಾಡ್ರಿ. ಡಾಕ್ಟರ್ ಹೇಳದೇ ಬೆಳೆಯೋ ಮಕ್ಕಳಿಗೆ ಡಯಟ್ ಅಂತ ಊಟ ಕಟ್ ಮಾಡೋದು ಸರಿ ಅಲ್ಲ. ಆರರಿಂದ ಹತ್ತು ವರ್ಷದ ಮಕ್ಕಳು ವರ್ಷಕ್ಕ ಸುಮಾರು 5-6 ಸೆಂ.ಮೀ. ಎತ್ತರ ಆಗ್ತಾರ, ಹಂಗಾಗಿ ಜರಾ ತೂಕ ಜಾಸ್ತಿ ಇದ್ದವರಿಗೆ ಇಳಿಸೋದೇ ಬೇಕಾಗಲ್ಲ, ತೂಕ ಇದ್ದಲ್ಲೇ ನಿಂತ್ರ ಎತ್ತರ ಬಂದಂಗ ಸರಿ ಆಗ್ತದ.

ಜಾಸ್ತಿ ಅದನೋ ಇಲ್ಲೋ ಅಂತ ಕಣ್ಣಿಂದ ನೋಡಿ ಹೇಳ್ಲಾಕ ಬರಲ್ಲ. ಕೆ.ಜಿ. ತೂಕಾನ ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದ್ರ ಬಿಎಂಐ, ಅಂದ್ರ ಎತ್ತರಕ್ಕ ತಕ್ಕ ತೂಕ ಅದನೋ ಇಲ್ಲೋ ತೋರ್ಸೋ ಅಂಕಿ, ಬರ್ತದ, 140 ಸೆಂ.ಮೀ. ಎತ್ತರದ್ದು 40 ಕೆ.ಜಿ. ಇದ್ರ 20.4. ಆದ್ರ ದೊಡ್ಡವರ ಲೆಕ್ಕ ಹಿಡಿದು "20 ಅದ, ನಾರ್ಮಲ್" ಅನ್ಬ್ಯಾಡ್ರಿ, ಮಕ್ಕಳಿಗೆ ವಯಸ್ಸು ಮತ್ತ ಗಂಡೋ ಹೆಣ್ಣೋ ನೋಡಿ ಬ್ಯಾರೇನೆ ಚಾರ್ಟ್ ಇರ್ತದ. ನಮ್ಮ ದೇಶದ ಮಕ್ಕಳ ಡಾಕ್ಟರ್‌ಗಳ ಸಂಘ ಐಎಪಿ 2015ರಾಗ 5ರಿಂದ 18 ವರ್ಷದವರಿಗೆ ಚಾರ್ಟ್ ಮಾಡ್ಯದ, ಡಾಕ್ಟರ್ ಹತ್ರ ಹೋದಾಗ ಅದರಾಗ ಚುಕ್ಕಿ ಹಾಕಿ ತೋರ್ಸ್ರಿ ಅಂತ ಕೇಳ್ರಿ. ದಿನಾ ಮುಂಜಾನಿ ಕೂಸಿನ ತೂಕದ ಮಷೀನ್ ಮ್ಯಾಲ ನಿಂದ್ರಿಸೋದು ಬ್ಯಾಡ.

ಈಗ ಊಟದ ಮಾತು. ಎಲಿನ್ ಸ್ಯಾಟರ್ ಅನ್ನೋ ಅಮೆರಿಕದ ಡಯಟಿಷಿಯನ್ ಹೇಳಿದ ಒಂದು ಪದ್ಧತಿ ನನಗ ಭಾಳ ಸರಿ ಅನಸ್ತದ: ಏನು, ಯಾವಾಗ, ಎಲ್ಲಿ ಕೂತು ಉಣ್ಣಬೇಕು ಅನ್ನೋದು ದೊಡ್ಡವರದ್ದು, ಎಷ್ಟು ಉಣ್ಣಬೇಕು ಅನ್ನೋದು ಕೂಸಿಂದು. ನಮ್ಮ ಮನಿಗಳಾಗ ಇದು ಪೂರಾ ಉಲ್ಟಾ ಅದ, ಏನು ಬೇಕಂತ ಹುಡುಗ ಹೇಳ್ತಾನ, ಎಷ್ಟು ತಿನ್ನಬೇಕಂತ ಆಯಿ ಹೇಳ್ತಾಳ. ಹೊಟ್ಟಿ ತುಂಬ್ತು ಅಂದ ಕೂಸಿಗೆ "ಕಾಗಿ ತುತ್ತು, ಗುಬ್ಬಿ ತುತ್ತು, ಇದೊಂದೇ" ಅಂತ ತುರುಕಿ ತುರುಕಿ ಅದಕ್ಕ ತನ್ನ ಹೊಟ್ಟಿ ಮಾತೇ ಕೇಳಿಸದಂಗ ಮಾಡಿಬಿಡ್ತೀವಿ. ಸಾಕು ಅಂದ್ರ ಸಾಕು, ತಾಟು ಎತ್ತಿಡ್ರಿ, ಮುಂದಿನ ಊಟದ ಟೈಮಿನ ತನಕ ಬಿಸ್ಕಿಟ್ ಕೊಡಬ್ಯಾಡ್ರಿ ಅಷ್ಟೇ, ಹಸಿವಾದ್ರ ಮುಂದಿನ ಊಟಕ್ಕ ತಾನೇ ಬಂದು ಕೂಡ್ತದ. ಊಟಕ್ಕ ಕೂತಾಗ ಮೊಬೈಲು ಟಿವಿ ಎರಡೂ ಬಂದ್, ನಿಮ್ದೂ ಸೇರಿ.

ತಾಟಿನ್ಯಾಗ ಹೊಸಾದೇನೂ ಬ್ಯಾಡ. ಜ್ವಾಳದ ರೊಟ್ಟಿ, ಕಾಳು ಪಲ್ಯ, ಪುಂಡಿ ಪಲ್ಯ, ಮೊಸರು, ಮ್ಯಾಲ ಸವತಿಕಾಯಿ ಗಜ್ಜರಿ. ಬ್ಯಾಳಿ ಮಾತ್ರ ಗಟ್ಟಿ ಇರ್ಲಿ, 2019ರಾಗ ಜಿಐ ಟ್ಯಾಗ್ (ಇಂಥಾ ಊರಿಂದೇ ಅನ್ನೋ ಸರ್ಕಾರಿ ಗುರುತು) ಸಿಕ್ಕ ತೊಗರಿ ಬೆಳೆಯೋ ಊರು ನಮ್ದು, ಮಕ್ಕಳ ತಾಟಿನ್ಯಾಗ ನೋಡಿದ್ರ ಅನ್ನದ ಗುಡ್ಡ, ಅದರ ಮ್ಯಾಲ ಹಳದಿ ನೀರು. ಪಲ್ಯ ತಿನ್ನಲ್ಲ ಅಂತ ಎರಡೇ ಸಲಕ್ಕ ಕೈ ಬಿಡಬ್ಯಾಡ್ರಿ, ಒಂದು ಹೊಸ ರುಚಿ ಒಗ್ಗಲಾಕ ಮಕ್ಕಳಿಗೆ ಹತ್ತು-ಹದಿನೈದು ಸಲ ಬೇಕಾಗ್ತದ. ಎಳ್ಳಮವಾಸಿಗೆ ಹೊಲದಾಗ ಭಜ್ಜಿ ಮಾಡಿದ್ರ ಬದನಿಕಾಯಿ, ಮೆಂತ್ಯಾ, ಹಸಿ ಕಾಳು ಎಲ್ಲ ಸಜ್ಜಿ ರೊಟ್ಟಿ ಜೋಡಿ ಅದೇ ಹುಡುಗ್ರು ಬಾಯಿ ಚಪ್ಪರಿಸಿ ತಿಂತಾವ, ಯಾಕಂದ್ರ ಮುಂಜಾನಿಂದ ಓಡ್ಯಾಡಿ ಹಸ್ತಿರ್ತಾವ, ಎಲ್ರೂ ಅದನ್ನೇ ಉಣ್ತಿರ್ತಾರ, "ತಿನ್ನು ತಿನ್ನು" ಅಂತ ಯಾರೂ ಬೆನ್ನು ಹತ್ತಿರಲ್ಲ.

ಸಾಲಿ ಡಬ್ಬಿಗೆ ಕಟಕ ರೊಟ್ಟಿ ಹಾಕಿದ್ರ ರೀಸೆಸ್ ಆಗೋ ಹೊತ್ತಿಗೆ ಪುಡಿ ಆಗಿರ್ತದ. ಕುದಿಯೋ ನೀರಾಗ ಹಿಟ್ಟು ನಾದಿ ಮೆತ್ತನ ರೊಟ್ಟಿ ಬಡಿದು, ಬಿಸಿ ಇದ್ದಾಗೇ ಶೇಂಗಾ ಹಿಂಡಿ, ಒಂದು ಚೂರು ತುಪ್ಪ ಸವರಿ ಸುರುಳಿ ಸುತ್ತಿ, ಆರಿದ ಮ್ಯಾಲ ಎರಡು ತುಂಡು ಮಾಡಿ ಬಟ್ಟಿಯಾಗ ಸುತ್ತಿಟ್ರ ಮಧ್ಯಾಹ್ನದ ತನಕ ಮೆತ್ತಗಿರ್ತದ. ಸರ್ಕಾರಿ ಸಾಲಿಗೆ ಹೋಗೋರಿಗೆ ಬಿಸಿಯೂಟದ ಜೋಡಿ ತತ್ತಿ ಇಲ್ಲಾ ಬಾಳಿಹಣ್ಣು ಸಿಗ್ತದ, ಅದನ್ನ ತಿಂದ್ರೋ ಇಲ್ಲೋ ಅಂತ ಕೇಳ್ರಿ.

ಖರೇ ಕಷ್ಟ ಸಂಜಿ ನಾಲ್ಕರ ಮ್ಯಾಲಿಂದು. ಮುತ್ಯಾ ಹತ್ತು ರೂಪಾಯಿ ಕೈಯಾಗಿಡ್ತಾನ, ಹುಡುಗ ಅಂಗಡಿಯಿಂದ ಪಾಕೀಟು ಹರಕೋತ ಬರ್ತಾನ. ಮುತ್ಯಾನ ಜೋಡಿ ಜಗಳ ಬ್ಯಾಡ, "ಮುತ್ಯಾ, ಆ ಹತ್ತು ರೂಪಾಯಿಗೆ ನೀವೇ ಪ್ಯಾರಲ ಹಣ್ಣು ತಂದು ಕೊಡ್ರಿ, ನಿಮ್ಮ ಕೈಯಿಂದ ಆದ್ರ ತಿಂತಾನ" ಅನ್ರಿ, ಪ್ರೀತಿ ತೋರ್ಸಲಾಕ ಅವರಿಗೂ ಒಂದು ದಾರಿ ಬೇಕಲ್ರಿ. ಮನಿಗೆ ತರೋ ಕಿರಾಣಿ ಚೀಟಿಯಾಗ ಚಿಪ್ಸು, ಕ್ರೀಮ್ ಬಿಸ್ಕಿಟು, ಕೋಲಾ ಬರೀಬ್ಯಾಡ್ರಿ, ಡಬ್ಬಿಯಾಗ ತುಂಬಿಟ್ಟು "ತಿನ್ನಬ್ಯಾಡ" ಅಂದ್ರ ದೊಡ್ಡವರೇ ತಡಿಯಲ್ಲ. 250 ಎಂಎಲ್ ಕೋಲಾದಾಗ ಸುಮಾರು 5-6 ಚಮಚ ಸಕ್ಕರಿ ಇರ್ತದ, ಹಾಲಿಗೆ ಹಾಕೋ ಚಾಕಲೇಟ್ ಪುಡಿ ಡಬ್ಬಿನೂ ಒಮ್ಮೆ ತಿರುಗಿಸಿ ಓದ್ರಿ. ಬದ್ಲಿಗೆ ಚುರುಮುರಿ ಸುಸಲಾ, ಒಗ್ಗರಣಿ ಹಾಕಿದ ಕುದಿಸಿದ ಕಾಳು, ಒಂದು ಮುಷ್ಟಿ ಹುರಿದ ಶೇಂಗಾ, ಮಜ್ಜಿಗಿ. ಮಿರ್ಚಿ ಭಜಿ, ಮಾಲ್ದಿ ಪೂರಾ ಬಂದ್ ಮಾಡಬ್ಯಾಡ್ರಿ, ಹಬ್ಬಕ್ಕೋ ವಾರಕ್ಕೊಮ್ಮೆಯೋ ಎಲ್ರೂ ಕೂತು ತಿನ್ರಿ. ಮಾರ್ಕ್ಸ್ ಬಂದ್ರ ಚಾಕಲೇಟು, ಹಟ ಮಾಡಿದ್ರ ಊಟ ಇಲ್ಲ, ಈ ಎರಡೂ ಬಿಡ್ರಿ.

ಆಟ ದಿನಕ್ಕ 60 ನಿಮಿಷ ಬೇಕು ಅಂತ ಡಬ್ಲ್ಯುಎಚ್‌ಒ ಹೇಳ್ತದ. ಬ್ಯಾಸಗಿಯಾಗ ನಮ್ಮಲ್ಲಿ 40 ಡಿಗ್ರಿ ದಾಟ್ತದ, ಮಧ್ಯಾಹ್ನ ಆಡು ಅಂದ್ರ ಹೆಂಗ ಆಡ್ತಾವ, ಮುಂಜಾನಿ ಏಳರೊಳಗ ಇಲ್ಲಾ ಸಂಜಿ ಆರರ ಮ್ಯಾಲ ಪಬ್ಲಿಕ್ ಗಾರ್ಡನ್ನೋ ಅಪ್ಪನ ಕೆರಿ ಕಡೆಗೋ ಕರ್ಕೊಂಡು ಹೋಗ್ರಿ, ಆಗಲಿಲ್ಲಾಂದ್ರ ಮಾಳಗಿ ಮ್ಯಾಲ ಕುಂಟಾಬಿಲ್ಲೆ ಸಾಕು. ರಾತ್ರಿ ಊಟ ಎಂಟಕ್ಕ ಮುಗೀಲಿ. 6ರಿಂದ 12 ವರ್ಷದವರಿಗೆ 9ರಿಂದ 12 ತಾಸು ನಿದ್ದಿ ಬೇಕು, ನಿದ್ದಿಗೆಟ್ಟ ಮಕ್ಕಳಿಗೆ ಮರುದಿನ ಹಸಿವೂ ಜಾಸ್ತಿ, ಸಿಹಿ ಬೇಕನ್ನೋದೂ ಜಾಸ್ತಿ.

ಕುತ್ತಿಗಿ ಹಿಂದ, ಬಗಲಾಗ ಚರ್ಮ ಕಪ್ಪಗ ದಪ್ಪಗ ಆಗಿದ್ರ ಹೊಲಸು ಅಂತ ತಿಕ್ಕಿ ತಿಕ್ಕಿ ತೊಳೀಬ್ಯಾಡ್ರಿ, ರಕ್ತದಾಗಿನ ಸಕ್ಕರಿ ಹಿಡಿತದಾಗ ಇಡೋ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ರ ಹಂಗ ಆಗಬಹುದು, ಡಾಕ್ಟರ್‌ಗೆ ತೋರ್ಸ್ರಿ. ತೂಕ ಏರ್ಲತ್ತದ ಆದ್ರ ಎತ್ತರ ನಿಂತಬಿಟ್ಟದ ಅಂದ್ರೂ, ಮಲಗಿದಾಗ ಜೋರಾಗಿ ಗೊರಕಿ ಹೊಡೀತದ ಅಂದ್ರೂ, ಏನೂ ಮಾಡದೇ ತೂಕ ಇಳೀಲತ್ತದ ಅಂದ್ರೂ ಕಾಯಬ್ಯಾಡ್ರಿ. ಹೋಗೋ ಮುಂಚೆ ಮೂರು ದಿನದ್ದು ಏನೇನು ತಿಂದದ ಅಂತ ಒಂದು ಹಾಳಿಯಾಗ ಬರ್ಕೊಂಡು ಹೋಗ್ರಿ, ಚಹಾದಾಗ ಅದ್ದಿ ತಿಂದ ಟೋಸ್ಟೂ ಸೇರಿಸಿ.